ಸಾಲು ೪೧೧೭

ಟಾಲಿನ್‌ನಲ್ಲಿ ರಾತ್ರಿ ಎರಡೂಮುಕ್ಕಾಲು.
ಸರ್ವರ್ ನಿಲ್ಲಿಸುವ ಮುನ್ನ
ಒಳಗಿದ್ದವರನ್ನೆಲ್ಲ ಮೆಲ್ಲಗೆ ಸಾಗಹಾಕಿದ್ದೆ.
ಒಬ್ಬಳು ಉಳಿದಿದ್ದಳು.

ಸಾರೆಮಾ ದ್ವೀಪದ ಉರ್ವೆ, ಐವತ್ತೆಂಟು.
ಗಂಡನ ಮನೆತನದ ಹೆಸರು ಅಳಿಸಿಯಾಗಿದೆ,
ತವರಿನದು ಇನ್ನೂ ಕೂತಿಲ್ಲ.
ಆ ಖಾನೆಯಲ್ಲಿ ಏನೂ ಇಲ್ಲ,
ಸೊನ್ನೆ ಕೂಡ.

ನಿಯಮ ಸರಳ: ಪೂರ್ತಿ ಆಗದ್ದು ಆಗಲೇ ಇಲ್ಲ.
ಹಿಂದಕ್ಕೆ ತಿರುಗಿಸು.
ಎಂದರೆ, ಅವನನ್ನು ಮತ್ತೆ ಅವಳ ಹೆಗಲಿಗೇರಿಸು.

ಬೆರಳು ಕೀಲಿಯ ಮೇಲೇ ಇತ್ತು. ಕಾಫಿ ಆರಿತು.
ಅವಳೂ ಅಲ್ಲಿ, ಕನ್ನಡಕ ಹಣೆಗೇರಿಸಿ,
ತಿರುಗುವ ಚಕ್ರ ನೋಡುತ್ತ ಕೂತಿರಬೇಕು.

ತಿರುಗಿಸಿದೆ.
ಅವಳ ಪರದೆಗೆ ಒಂದು ಮಾತು ಕಳಿಸಿದೆ:
'ನೀವು ಬರೆದದ್ದು ಕಳೆದಿಲ್ಲ. ಐದಕ್ಕೆ ಬನ್ನಿ.'

ಐದು ಹೊಡೆದು ಒಂದು ನಿಮಿಷ.
ಸಾಲು ೪೧೧೭ ಅಲುಗಿತು.
ತವರಿನ ಹೆಸರು,
ಒಂದೇ ಏಟಿಗೆ.