ಒಪ್ಪುತ್ತೇನೆ

ಪುಂತಾ ಅರೇನಾಸಿನಲ್ಲಿ ಆ ವಾರ ಗಾಳಿ
ಚಾವಣಿಯ ತಗಡನ್ನು ಹಲ್ಲು ಕೀಳುವ ಹಾಗೆ ಅಲ್ಲಾಡಿಸುತ್ತಿತ್ತು.
ಅಮ್ಮ ನನ್ನ ಕಂಪ್ಯೂಟರಿನ ಎದುರು ಸ್ಟೂಲು ಎಳೆದುಕೊಂಡು
ಏಡಿ ಬಿಡಿಸುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕೂತ ಹಾಗೆಯೇ ಕೂತಳು:
ಬೆನ್ನು ನೆಟ್ಟಗೆ, ಮೊಣಕೈ ಒಳಕ್ಕೆ.

ಡಬ್ಬಿಯ ಮೇಲೆ ಬರೆದಿತ್ತು, ವಿದ್ಯಾರ್ಥಿಗಳಿಗೆ ಮಾತ್ರ. ಅರ್ಧ ಬೆಲೆ.
ರಾತ್ರಿಶಾಲೆಯ ಮೊಹರು ಬಿದ್ದ ಚೀಟಿ ನೋಡಿ ಅಂಗಡಿಯ ಹುಡುಗ
'ಎದೆಲ್ಮೀರಾ ಒಯಾರ್ಸೂನ್, ಅಂದರೆ ನೀವಾ?' ಎಂದು ನನ್ನ ಕೇಳಿದ್ದ.
'ನಾನು ಕಣಪ್ಪಾ' ಎಂದು ನನ್ನ ಬೆನ್ನ ಹಿಂದಿನಿಂದ
ಅಮ್ಮ ಮುಂದೆ ಬಂದಿದ್ದಳು, ಅರವತ್ತೊಂದರ ಹೆಂಗಸು,
ಕೋಟಿನ ಮೇಲಿನ ಗುಂಡಿ ಹಾಕಿಕೊಳ್ಳುತ್ತ.

ಮೊದಲು ಕೀಲಿ. ಇಪ್ಪತ್ತೈದು ಅಕ್ಷರ.
'ಕೀಲಿ ಅಂದರೆ ಕಬ್ಬಿಣದ್ದಿರಬೇಕು,
ಇದೇನು ಡಾಕ್ಟರ ಚೀಟಿಯ ಹಾಗಿದೆ' ಅಂದಳು.
ಸೊನ್ನೆಯೋ ಓ ಅಕ್ಷರವೋ ತಿಳಿಯದ ಕಡೆ
ಕನ್ನಡಕ ತೆಗೆದು, ಒರೆಸಿ, ಸೊನ್ನೆ ಎಂದು ತೀರ್ಪು ಕೊಟ್ಟಳು.
ಸೊನ್ನೆಯೇ.

ಆಮೇಲೆ ಒಪ್ಪಂದ.
ಬಿಳಿ ಚೌಕದಲ್ಲಿ ಮುಗಿಯದ ಇರುವೆಸಾಲು,
ಕೆಳಗೆ 'ಒಪ್ಪುತ್ತೇನೆ' ಎಂಬ ಗುಂಡಿ.
ಒತ್ತಿಬಿಡಮ್ಮ, ಎಲ್ಲರೂ ಒತ್ತುತ್ತಾರೆ, ಅಂದೆ.
ಅವಳು ನನ್ನ ಕೈ ಹಿಡಿದು ಪಕ್ಕಕ್ಕಿಟ್ಟಳು.
'ಕೊಟ್ಟ ಕಾಗದಕ್ಕೆಲ್ಲ ಹೆಬ್ಬೆಟ್ಟು ಒತ್ತಿದ್ದಾಯಿತು.
ಈಗ ಓದು ಬರುತ್ತೆ.'

ಓದಿದಳು.
ಸೋಮವಾರ 'ಪರವಾನಗಿದಾರ' ಎಂಬಲ್ಲಿ ಎಡವಿ ಎರಡು ಸಾಲು ಹಿಂದೆ ಹೋದಳು.
ಗಾಜಿನ ಮೇಲೆ ಬೆರಳ ಜಿಡ್ಡಿನ ಗೆರೆ.
ಮಂಗಳವಾರ ಕರೆಂಟು ಹೋಯಿತು.
ಬುಧವಾರ ಮತ್ತೆ ಮೊದಲಿನಿಂದ.
ಅಪ್ಪ ಬಿಲ್ಲುಗಳ ಕಟ್ಟು ಹಿಡಿದು ಬಾಗಿಲಲ್ಲೇ ಕಾದ:
ದೋಣಿಯ ಡೀಸೆಲ್ಲು, ಏಡಿಯ ತೂಕ, ಹಗ್ಗ,
ಎಲ್ಲ ತಾನೇ ಕೂಡಿಕೊಳ್ಳುವ ಪುಟ ಇದರೊಳಗಿದೆಯಂತೆ ಎಂದು
ಬಂದರಿನಲ್ಲಿ ಯಾರೋ ಹೇಳಿದ್ದರು.

ಗುರುವಾರ ರಾತ್ರಿ ಅಮ್ಮ ತಲೆ ಎತ್ತಿದಳು.
'ವ್ಯಾಪಾರಕ್ಕೆ ಬಳಸಕೂಡದು ಅಂತ ಬರೆದಿದ್ದಾರೆ, ನೊಲ್ಬೆರ್ತೊ.'
'ಭೂಮಿ ಮುಗಿಯುವ ಈ ಊರಿಗೆ ಯಾರು ಬಂದು ನೋಡುತ್ತಾರೆ?'
'ಯಾರೂ ಇಲ್ಲ. ನಾನು ಓದಿಬಿಟ್ಟೆನಲ್ಲ.'

ಅಪ್ಪ ಸ್ವಲ್ಪ ಹೊತ್ತು ಅವಳನ್ನು
ಹವಾಮಾನ ನೋಡುವ ಹಾಗೆ ನೋಡಿದ.
ಬಿಲ್ಲಿನ ಕಟ್ಟು ಬಿಸ್ಕತ್ತಿನ ಡಬ್ಬಿಗೆ ಮರಳಿತು,
ಪೆನ್ಸಿಲು ಕಿವಿಯ ಹಿಂದೆ.
ಆಗ ಒತ್ತಿದಳು, ಹೆಬ್ಬೆರಳಿನಿಂದಲ್ಲ, ತೋರುಬೆರಳಿನಿಂದ.

ಮನೆಗೆ ಇಂಟರ್ನೆಟ್ ಇನ್ನೂ ಬಂದಿರಲಿಲ್ಲ, ನೋಂದಣಿ ಫೋನಿನಲ್ಲಿ.
ಧ್ವನಿಮುದ್ರಿತ ಹೆಂಗಸು ಆರಾರು ಅಂಕಿಯಾಗಿ ಹೇಳೆಂದಳು.
ಅಮ್ಮ ಪ್ರತಿ ಆರಕ್ಕೂ 'ಬರಕೊಂಡೆಯಾ ಮಗಳೇ?' ಎಂದು ನಿಂತಳು.
ಏಳನೆಯ ಗುಂಪಿನಲ್ಲಿ ಗಾಳಿ ತಂತಿ ಜಗ್ಗಿತು. ಮತ್ತೆ ಒಂದರಿಂದ.
'ಎಷ್ಟು ಕಂಪ್ಯೂಟರುಗಳಲ್ಲಿ ಹಾಕಿದ್ದೀರಿ?'
'ಒಂದೇ. ಅದೂ ಮಗಳದು. ಅಂಗಡಿಗೆ ಕಂತು ಇನ್ನೂ ಏಳು ಬಾಕಿ.'
ಆ ದನಿ ಇದನ್ನು ಯಾವ ಅಂಕಿ ಅಂದುಕೊಂಡಿತೋ,
ಧನ್ಯವಾದ ಅಂದಿತು.

ಪುಟ ತೆರೆಯಿತು,
ಗಾಳಿಯಿಲ್ಲದ ದಿನ ಹರವಿದ ದುಪ್ಪಟಿಯ ಹಾಗೆ.
ಒಂದೇ ಬೆರಳಲ್ಲಿ ಹೆಸರು ಕುಟ್ಟಿದಳು. ತಾನು ಹುಟ್ಟಿದ ದ್ವೀಪ.
ಆಮೇಲೆ, ಅಲ್ಲಿ ಅಜ್ಜಿ ತಟ್ಟುತ್ತಿದ್ದ ಆಲೂಗಡ್ಡೆ ರೊಟ್ಟಿ: ಮಿಲ್ಕಾವ್.
ಅದರಡಿ ಕೆಂಪಗೆ ಒಂದು ಅಲೆ ಎದ್ದಿತು.
'ಏನಿದು?'
'ಆ ಪದ ಇದಕ್ಕೆ ಗೊತ್ತಿಲ್ಲ, ತಪ್ಪು ಅನ್ನುತ್ತಿದೆ.
ತಾಳು, ನಿಘಂಟಿಗೆ ಸೇರಿಸಿದರೆ ಹೋಗುತ್ತೆ.'
'ಬೇಡ, ಇರಲಿ.
ನನ್ನ ಬರವಣಿಗೆಗೆ ಕೆಂಪು ಶಾಯಿ ಹಚ್ಚುವವರು
ಇಷ್ಟು ವರ್ಷ ಯಾರಿದ್ದರು?'

ಅಂದವಳು ಇನ್ನೊಂದು ಸಲ ಬರೆದಳು,
ಬೇಕಂತಲೇ: ಮಿಲ್ಕಾವ್.