ಷರಾ

ಶಿರಿಯಾ ಅಳಿವೆಯಲ್ಲಿ, ಹಳೆ ಜೆಟ್ಟಿಯ ಕೊನೆಯ ಕಂಬಕ್ಕೆ
ಬಿಳಿ ಕೋಲು ಕಟ್ಟಿ, ಸೆಂಟಿಮೀಟರು ಬರೆದು,
ಗಂಟೆಗೊಮ್ಮೆ ನೀರು ಎಲ್ಲಿಗೆ ಮುಟ್ಟಿತು, ನೋಡು ಎಂದರು.
ದಿನಗೂಲಿ, ಒಂದು ಟಾರ್ಚು, ಉದ್ದದ ಪುಸ್ತಕ.
ಪುಸ್ತಕದಲ್ಲಿ ಮೂರು ಕಲಂ. ಹೊತ್ತು. ಎತ್ತರ.
ಮೂರನೆಯದರ ನೆತ್ತಿಯಲ್ಲಿ ಮಲಯಾಳದಲ್ಲಿ ಏನೋ ಇತ್ತು,
ಅದರ ಮೇಲೆ ಷರಾ ಎಂದು ಬರೆದುಕೊಂಡೆ,
ಉಗ್ರಾಣಿಯಾಗಿದ್ದ ಅಜ್ಜನ ಕಾಲದ ಪದ.

ಎಂಜಿನಿಯರು ಲತೀಶನ್ ನಕ್ಷೆ ಬಿಡಿಸಿ ಹೇಳಿದ್ದು:
ಅಳಿವೆಬಾಯಿಗೆ ಅಡ್ಡ ಗೋಡೆ, ಗೋಡೆಗೆ ಆರು ಬಾಗಿಲು,
ಭರತ ಒಳಗೆ ಬಂದ ಮೇಲೆ ಮುಚ್ಚುತ್ತೇವೆ,
ಕಡಲು ಇಳಿಯುವವರೆಗೆ ಕಾಯುತ್ತೇವೆ, ಆಮೇಲೆ ಬಿಡುತ್ತೇವೆ.
ಕಲ್ಲಿದ್ದಲಿಲ್ಲ, ಹೊಗೆಯಿಲ್ಲ,
ಚಂದ್ರ ಬಿಲ್ಲು ಕಳಿಸುವುದಿಲ್ಲ.
ಒಳ್ಳೆಯವ. ನನ್ನ ಬುತ್ತಿಯ ಏಡಿ ಸಾರಿಗೆ
ಕೇಳದೆ ಕೈ ಹಾಕುವಷ್ಟು ಒಳ್ಳೆಯವ.

ನಬೀಸುಮ್ಮ ಸೊಂಟದ ಮಟ್ಟ ನೀರಲ್ಲಿ ನಿಂತು
ಕಾಲ್ಬೆರಳಲ್ಲಿ ಮರುವಾಯಿ ತಡವುತ್ತ ಕೇಳಿದಳು,
ಕಾಯುವುದು ಎಷ್ಟು ಹೊತ್ತು?
ಎರಡು ಗಂಟೆ, ಮೂರು ಗಂಟೆ ಎಂದೆ.
ಆ ಎರಡು ಗಂಟೆಯಲ್ಲೇ ಮಾರಾಯ, ನನ್ನ ಮನೆ ನಿಂತಿರುವುದು.
ಇಳಿತಕ್ಕೆ ಕಾಣುವ ಆ ಕೆಸರ ದಿಬ್ಬಕ್ಕೆ
ಯಾರ ಹೆಸರಲ್ಲೂ ಪಟ್ಟೆ ಇಲ್ಲ,
ದಿನಕ್ಕೆರಡು ಸಲ ಹುಟ್ಟಿ ಎರಡು ಸಲ ಮುಳುಗುವ ಜಾಗಕ್ಕೆ
ತೀರ್ವೆ ಹಾಕುವವರಾರು?

ಆದರೆ ಮೊನ್ನೆ ಶನಿವಾರ ಕರೆಂಟು ಹೋಗಿ
ಮಮ್ಮುಂಞಿಯ ಐಸ್ ಪ್ಲಾಂಟು ಇಪ್ಪತ್ತು ಗಂಟೆ ಸುಮ್ಮನಿತ್ತು.
ಮೂವತ್ತು ಬುಟ್ಟಿ ಬಂಗುಡೆ, ಕಣ್ಣು ಕೆಂಪಾಗಿ, ಹೊಟ್ಟೆಯೊಡೆದು
ತೆಂಗಿನ ಬುಡಕ್ಕೆ ಹೋಯಿತು.
ನಬೀಸುಮ್ಮನ ಮರುವಾಯಿಯೂ ಬಾಯಿ ತೆರೆದು ಸತ್ತಿತು.
ಅವಳೇ ಬೈದಳು ಆಗ:
ಇಷ್ಟು ಎಗರುವ ಕಡಲು, ಒಂದು ಬಲ್ಬು ಉರಿಸಲಿಕ್ಕೆ
ಎಂತ ರೋಗ ಅದಕ್ಕೆ?

ಇದನ್ನು ಯಾವ ಕಲಮಿಗೆ ಹಾಕಲಿ?

ಅಷ್ಟಮಿಗೆ ನೀರು ಸೋಮಾರಿ.
ಏರಲೋ ಇಳಿಯಲೋ ತನಗೇ ಮರೆತ ಹಾಗೆ
ಕೋಲಿನ ಅರವತ್ತು ದಾಟುವುದಿಲ್ಲ.
ನೆಂಟರ ಹತ್ತಿರ ಕೇಳಿದ ಸಾಲ ಅದು,
ಅರ್ಧ ಕೊಟ್ಟು ಚಾ ಕುಡಿಸುತ್ತಾರೆ,
ಎನ್ನುತ್ತಾನೆ ಐತಪ್ಪಣ್ಣ, ದೋಣಿ ಕಟ್ಟುತ್ತ.
ಲತೀಶನ್‌ಗೆ ಹೇಳಿದೆ. ಗೊತ್ತುಂಟು ಎಂದ.
ಅಂಕೆ ಸಾಲದಿದ್ದರೆ ಗೋಡೆಯೂ ಇಲ್ಲ.
ನಿನಗೆ ಸಾಲಬೇಕೆಂದು ಉಂಟಾ, ಸಾಲಬಾರದೆಂದಾ?
ನಾನು ಟಾರ್ಚಿನ ಸೆಲ್ಲು ತೆಗೆದು ಒರೆಸಿ ಪುನಃ ಹಾಕಿದೆ.

ರಾತ್ರಿ ಮೂರಕ್ಕೆ ಯಾರೂ ನೋಡುವುದಿಲ್ಲ.
ಐವತ್ತೆಂಟನ್ನು ಎಂಬತ್ತೈದು ಮಾಡಿದರೆ ಐಸ್ ಪ್ಲಾಂಟು ಉಳಿಯುತ್ತದೆ,
ನೂರಾ ನಲವತ್ತನ್ನು ನೂರಾ ನಾಲ್ಕು ಮಾಡಿದರೆ ಕೆಸರು.
ಪೆನ್ಸಿಲು ಒಂದೇ.
ಒಮ್ಮೆ ಬರೆದೆ ಕೂಡ. ಯಾವುದೆಂದು ಹೇಳುವುದಿಲ್ಲ.
ಹೊಡೆದುಹಾಕಿದ ಗೆರೆ ಪುಸ್ತಕದಲ್ಲಿ ಈಗಲೂ ಉಂಟು,
ಪಕ್ಕದಲ್ಲಿ ನಿಜದ ನೀರು.

ಷರಾ: ರೈಲು ಹೋಯಿತು. ಸೇತುವೆ ಕಂಬದ ಸುತ್ತ
ನೀರು ನಡುಗಿತು, ಕೋಲಿಗೆ ಗೊತ್ತಾಗಲಿಲ್ಲ.
ಷರಾ: ಕಾಂಡ್ಲಾ ಬೇರಿನಲ್ಲಿ ಕಾನೆ ಮರಿ, ಅಕ್ಕಿಕಾಳಿನಷ್ಟು,
ಭರತದ ಜೊತೆ ಬಂದವು. ಬಾಗಿಲಿದ್ದರೆ ತಟ್ಟುತ್ತಿದ್ದವೋ ಏನೋ.
ಷರಾ: ಮೇಲಿನ ಬಾವಿಗಳಿಗೆ ಉಪ್ಪು ಹೆಚ್ಚುತ್ತದೆ ಎನ್ನುವವರೂ
ಇಳಿಯುತ್ತದೆ ಎನ್ನುವವರೂ ಒಂದೇ ಹೋಟೆಲಿನಲ್ಲಿ.

ತಿಂಗಳ ಕೊನೆಗೆ ಪುಸ್ತಕ ತಿರುವನಂತಪುರಕ್ಕೆ ಹೋಯಿತು.
ಎರಡು ಕಲಂ ಕಂಪ್ಯೂಟರಿಗೆ ಏರಿತಂತೆ.
ಮೂರನೆಯದು ಕನ್ನಡ; ಅಲ್ಲಿ ಓದುವವರಿಲ್ಲ.
ಲತೀಶನ್ ಫೋನಿನಲ್ಲಿ ಕೇಳಿದ, ಅದೆಲ್ಲ ಏನು ಬರೆದದ್ದು?
ನೀರೇ ಎಂದೆ.

ಹೊಸ ಪುಸ್ತಕ, ಮೊದಲ ಹಾಳೆ.
ಹೊತ್ತು ಆರು. ಎತ್ತರ ತೊಂಬತ್ತೊಂದು, ಏರುತ್ತಿದೆ.
ಷರಾ: ನಬೀಸುಮ್ಮ ದಡಕ್ಕೆ ಬಂದಳು. ಅರ್ಧ ಬುಟ್ಟಿ.
ಸೀರೆ ಹಿಂಡುತ್ತ ಕೇಳಿದಳು,
ಕರೆಂಟು ಬಂತಾ?