ಅಳತೆ ಪುಸ್ತಕ

ಮಂಡಕ್ಕಿ ಪೊಟ್ಟಣ ಬಿಚ್ಚಿದರೆ
ಎಣ್ಣೆ ಕಲೆಯ ನಡುವೆ ನಮ್ಮ ಓಣಿಯ ಹೆಸರು.
ಜೈತುನ್‌ಬಿಗೆ ಓದು ಬಾರದು,
ರದ್ದಿಯಂಗಡಿಯಿಂದ ಕಾಗದವನ್ನು ಕಿಲೋ ಲೆಕ್ಕದಲ್ಲಿ ತರುತ್ತಾಳೆ.
ನನಗೆ ಓದು ಬರುತ್ತದೆ, ಆದರೆ ಅಲ್ಲಿಯವರೆಗೆ
ಪೊಟ್ಟಣದ ಕಾಗದ ಓದಿದವನಲ್ಲ.

ಭಟ್ಟಿ ಹಿಂದಿನ ಎರಡನೇ ಅಡ್ಡರಸ್ತೆ,
ಕಲ್ಲು ಕಟ್ಟಿದ ಚರಂಡಿ, ನೂರ ನಲವತ್ತು ಮೀಟರ್,
ಕೆಲಸ ಪೂರ್ಣ.
ಕೆಳಗೆ ಮೂರು ಸಹಿ, ಒಂದು ಮೆಣಸಿನಕಾಯಿ ಬೀಜ.
ದುಡ್ಡಿನ ಅಂಕಿಯ ಮೇಲೇ ಎಣ್ಣೆ ಹರಡಿತ್ತು.

ಬಾಗಿಲಾಚೆ ನೋಡಿದೆ.
ಚರಂಡಿ ಇತ್ತು, ಇಲ್ಲ ಅನ್ನುವ ಹಾಗಿರಲಿಲ್ಲ.
ಅರ್ಧ ಓಣಿ ಬಂದು, ಫಕ್ರುದ್ದೀನನ ಗೋಡೆ ಹತ್ತಿರ,
ಎಲ್ಲಿಗೆ ಹೊರಟಿದ್ದೆನೆಂದು ಮರೆತ ಮುದುಕನ ಹಾಗೆ ನಿಂತು
ಭತ್ತ ನೆನೆಸಿದ ನೀರನ್ನೂ ಭಟ್ಟಿಯ ಮಸಿಯನ್ನೂ
ಅಲ್ಲೇ ಬಿಟ್ಟುಬಿಡುತ್ತಿತ್ತು.

ನನ್ನ ಹತ್ತಿರ ಇರುವುದು ಅರವತ್ತು ಇಂಚಿನ ಟೇಪು.
ಎದೆ, ಸೊಂಟ, ತೋಳು ಬಿಟ್ಟರೆ
ಬೇರೆ ಲೋಕ ಕಂಡಿಲ್ಲ ಅದು.
ಕಾಟನ್ ಮಿಲ್ಲು ಮುಚ್ಚಿದಾಗಿನಿಂದ ಕೈ ಖಾಲಿಯಿದ್ದ ಕೊಟ್ರಬಸಪ್ಪ
ಒಂದು ತುದಿ ಹಿಡಿದ, ನಾನೊಂದು.
ಓಣಿಯ ಹುಡುಗರು ಎಣಿಸಿದರು,
ಒಂದು ಟೇಪು, ಎರಡು ಟೇಪು, ಹನ್ನೊಂದು ಟೇಪು.
ಕಾಗದದ ಪ್ರಕಾರ ತೊಂಬತ್ತೆರಡಾಗಬೇಕು.
ಮೂವತ್ತೇಳಕ್ಕೆ ಗೋಡೆ ಬಂತು.
"ಇನ್ನೊಂದ್ಸಲ ಎಣಿಸ್ರಿ" ಅಂದಳು ಜೈತುನ್‌ಬಿ.
ನಂಬದೆ ಅಲ್ಲ.
ಏನನ್ನೇ ಆಗಲಿ ಎರಡು ಸಲ ಎಣಿಸುವುದು ಅವಳ ರೂಢಿ.

ಅರ್ಜಿ ಬರೆದವಳು ಅವಳ ಸೊಸೆ ನಸೀಮಾ.
ಹತ್ತು ರೂಪಾಯಿಯ ಪೋಸ್ಟಲ್ ಆರ್ಡರು, ಮೂವತ್ತು ದಿನದ ವಾಯಿದೆ.
ಇಪ್ಪತ್ತನೆಯ ದಿನ ಬೈಕಿನಲ್ಲಿ ಒಬ್ಬ ಬಂದ,
ಅಂಗಿ ಹೊಲಿಸಲಿಕ್ಕಲ್ಲ.
"ಯಾಕ್ ಬೇಕ್ರೀ ಟೇಲರ್ರೆ ಇದೆಲ್ಲ?
ನಿಮ್ಮ ಅಂಗಡಿ ಲೈಸೆನ್ಸು ರಿನ್ಯೂ ಆಗಿದೆಯೇನು?"
ಆಗಿರಲಿಲ್ಲ.

ಆ ರಾತ್ರಿ ನನ್ನದೇ ಅಳತೆ ಪುಸ್ತಕ ತೆರೆದು ಕೂತೆ.
ಎರಡೂಕಾಲು ಮೀಟರ್ ಸಾಕಿದ್ದಲ್ಲಿ
ಎರಡೂವರೆ ಎಂದು ನನ್ನದೇ ಕೈಬರಹ.
ಉಳಿದ ಕಾಲು ಮೀಟರುಗಳು ಸೇರಿ
ನನ್ನ ಮಗಳ ಎಷ್ಟು ಲಂಗವಾದವು!
ಕಾಲು ಮೀಟರಿನವನು ನೂರು ಮೀಟರಿನವನನ್ನು
ಲೆಕ್ಕ ಕೇಳಬಹುದೆ?
ಉತ್ತರ ಹೊಳೆಯಲಿಲ್ಲ. ಸಭೆಗೆ ಮಾತ್ರ ಹೋದೆ.

ಉರ್ದು ಶಾಲೆಯ ವರಾಂಡ, ವಾರ್ಡ್ ಸಭೆ.
ನಸೀಮಾ ನಿಂತು ಓದಿದಳು, ಸಿಮೆಂಟ್ ಚೀಲ ಇಷ್ಟು, ಜಲ್ಲಿ ಇಷ್ಟು,
ಕೂಲಿಯಾಳುಗಳ ಹೆಸರು ಒಂದೊಂದಾಗಿ.
"ಹುಚ್ಚಂಗೆಪ್ಪ" ಎಂದಾಗ ಹಿಂದಿನಿಂದ ಯಾರೋ
"ಅವನು ಸತ್ತು ನಾಲ್ಕು ವರ್ಷ" ಅಂದರು.
ಯಾರೂ ನಗಲಿಲ್ಲ.
ಎಂಜಿನಿಯರು ಕರ್ಚೀಫು ತೆಗೆದ:
"ಅಳತೆ ಅನ್ನೋದು ತಾಂತ್ರಿಕ ವಿಷಯ, ಅಮ್ಮಾ."
ಜೈತುನ್‌ಬಿ ಕೂತಲ್ಲಿಂದಲೇ ಕೇಳಿದಳು:
"ಸೇರು ತಾಂತ್ರಿಕ ಅಲ್ಲೇನಪ್ಪ?
ಸೇರಿಗೆ ಒಂದು ಹಿಡಿ ಮಂಡಕ್ಕಿ ಕಮ್ಮಿ ಹಾಕಿದ್ರೆ
ಶಾಲೆ ಹುಡುಗರೂ ಬಿಡಂಗಿಲ್ಲ ನನ್ನ."

ಯಾರೂ ಜೈಲಿಗೆ ಹೋಗಲಿಲ್ಲ.
ಎಂಜಿನಿಯರಿಗೆ ವರ್ಗವಾಯಿತು, ಹರಿಹರಕ್ಕೆ,
ದಿನಾ ಅದೇ ಬಸ್ಸಿನಲ್ಲಿ ಹೋಗಿ ಬರುತ್ತಾನೆ.
ಚರಂಡಿ ಅರವತ್ತೊಂದು ಟೇಪಿನ ತನಕ ಬಂದು
ಮತ್ತೆ ನಿಂತಿದೆ.
ಆದರೆ ಫಕ್ರುದ್ದೀನನ ಗೋಡೆ ಮೇಲೆ ಈಗ ಹಳದಿ ಬಣ್ಣದಲ್ಲಿ
ಕೆಲಸ, ಉದ್ದ, ಮೊತ್ತ, ಗುತ್ತಿಗೆದಾರನ ಹೆಸರು.
ಭಟ್ಟಿಯಿಂದ ಬರುವ ಹೆಂಗಸರು
ಮಸಿಗೈ ಒರೆಸಿಕೊಳ್ಳುತ್ತ ಓದಿಸಿ ಕೇಳುತ್ತಾರೆ.
ಹುಡುಗರು ಬಂದು ಟೇಪು ಎರವಲು ಒಯ್ಯುತ್ತಾರೆ,
ಕೆಸರು ಮಾಡಿ ತರುತ್ತಾರೆ. ತೊಳೆದು ಒಣಗಿಸುತ್ತೇನೆ.

ಇನ್ನೊಂದು, ಯಾರಿಗೂ ಹೇಳಿದ್ದಲ್ಲ:
ಯಾರಾದರೂ ಬಟ್ಟೆ ತಂದರೆ,
ಅಳೆದು, ಬರೆದು,
ಪುಸ್ತಕವನ್ನು ಅವರ ಕಡೆ ತಿರುಗಿಸಿ ಇಡುತ್ತೇನೆ.
ಹೆಚ್ಚಿನವರು ನೋಡುವುದಿಲ್ಲ.
ನಿನ್ನೆ ಒಬ್ಬಳು ನೋಡಿದಳು,
ತೋಳಿನ ಅಂಕಿಯ ಮೇಲೆ ಬೆರಳಿಟ್ಟು
"ಇನ್ನೊಂದ್ಸಲ ಅಳೀರಿ" ಅಂದಳು.